ಬೆನ್ನು ನೋಯುತ್ತಿದ್ದರೂ ನಿದ್ದೆ ಬಂತು

ವಿಜಯಪುರದಲ್ಲಿ ಬೆನ್ನುನೋವು ಅಂತ ಯಾರ ಮುಂದಾದರೂ ಹೇಳಿ ನೋಡಿ, ಒಂದು ಎಣ್ಣೆಯ ಹೆಸರು ಸಿಗುತ್ತದೆ. ನಿದ್ದೆ ಬರುತ್ತಿಲ್ಲ ಅಂದರೆ ಗಸಗಸೆ ಪಾಯಸ, ಹಾಲಿಗೆ ಜಾಜಿಕಾಯಿ, ಅಂಗಾಲಿಗೆ ಹರಳೆಣ್ಣೆ. ಎರಡೂ ಇದೆ ಅಂದಾಗ ಮಾತ್ರ ಎಲ್ಲರದೂ ಒಂದೇ ಮಾತು: "ಮೊದಲ ಬ್ಯಾನಿ ಕಡಿಮಿ ಮಾಡ್ಕೋರಿ, ನಿದ್ದಿ ತಾನ ಬರತೈತಿ." ಓಣಿಯವರು ಹೇಳಿದರು, ತವರಿನವರು ಹೇಳಿದರು, ಒಬ್ಬಿಬ್ಬರು ಡಾಕ್ಟರೂ ಹೇಳಿದರು. ನೋವು ಹೋಗಲಿ ಅಂತ ಕಾಯುತ್ತಾ ನನಗೆ ವರ್ಷಗಳೇ ಹೋದವು.

ನನ್ನದು ರೊಟ್ಟಿ ಕೆಲಸ. ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತೇವೆ. ನಾನು, ನಮ್ಮ ಅತ್ತೆ, ಜೊತೆಗೆ ಓಣಿಯ ಒಂದಿಬ್ಬರು ಹೆಣ್ಣುಮಕ್ಕಳು. ಬಿಕಾಂ ಓದಿದ್ದು ಲೆಕ್ಕ ಬರೆಯೋಕೆ ಉಪಯೋಗಕ್ಕೆ ಬಂತು, ಬೆನ್ನಿಗಲ್ಲ. ಮಾಲ್ದಂಡಿ ಜೋಳದ ಹಿಟ್ಟಿಗೆ ಎಸರು ಸುರಿದು, ಬಿಸಿ ಇರುವಾಗಲೇ ನಾದಬೇಕು. ಆಮೇಲೆ ಕೆಳಗೆ ಕೂತು, ಸೊಂಟ ಬಗ್ಗಿಸಿ, ಅಂಗೈಯಿಂದ ಬಡಿಯುತ್ತಾ ತಿರುಗಿಸುತ್ತಾ ಹೋಗಬೇಕು. ರೊಟ್ಟಿ ಅಗಲವಾದಷ್ಟೂ ಮೈ ಮುಂದಕ್ಕೆ ಬಾಗುತ್ತದೆ. ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆ ಬಂದರೆ, ಮದುವೆ ಸೀಸನ್ ಬಂದರೆ, ಏಳೋಕೆ ಪುರುಸೊತ್ತು ಇರಲ್ಲ.

ಎಂಆರ್‌ಐ ಮಾಡಿಸಿದಾಗ ಎಲ್4, ಎಲ್5 ಅನ್ನೋ ಸೊಂಟದ ಮೂಳೆಗಳ ನಡುವಿನ ಡಿಸ್ಕ್ ಉಬ್ಬಿದೆ ಅಂತ ಬಂತು. "ನಿಮ್ಮ ಬೆನ್ನು ಅರವತ್ತರವರ ಬೆನ್ನಾಗೈತಿ" ಅಂದರು ಅದನ್ನು ನೋಡಿದವರು. ನನಗಾಗ ನಲವತ್ತು. ಆ ಒಂದು ಮಾತು ನನ್ನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತು ಅಂದರೆ, ಹಾಸಿಗೆಯಲ್ಲಿ ಮಗ್ಗಲು ತಿರುಗುವಾಗಲೂ ಡಿಸ್ಕ್ ಇನ್ನಷ್ಟು ಹೊರಗೆ ಬರುತ್ತೇನೋ ಅಂತ ಹೆದರುತ್ತಿದ್ದೆ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ ನೋಡಿದ ವಿಮರ್ಶೆಯೊಂದು 2015ರಲ್ಲಿ ಬಂದಿದೆ. ನಲವತ್ತರ ಆಸುಪಾಸಿನವರಲ್ಲಿ ಸುಮಾರು ಅರ್ಧ ಜನರಿಗೆ ಹೀಗೆ ಡಿಸ್ಕ್ ಉಬ್ಬಿರುತ್ತದಂತೆ, ಅವರಿಗೆ ನೋವೇ ಇರುವುದಿಲ್ಲವಂತೆ. ಇದು ಗೊತ್ತಾಗಿದ್ದು ಬಹಳ ತಡವಾಗಿ.

ರಾತ್ರಿ ಹೀಗಿತ್ತು. ಬೆನ್ನಿಗೆ ವಿಶ್ರಾಂತಿ ಬೇಕು, ನಿದ್ದೆಯೂ ಕಡಿಮೆ, ಹಾಗಾಗಿ ಬೇಗ ಮಲಗೋಣ ಅಂತ ಎಂಟೂವರೆಗೇ ಹಾಸಿಗೆ ಸೇರುವುದು. ಹೊರಳಾಟ. ಒಂದಿಷ್ಟು ಹೊತ್ತು ಜೊಂಪು. ನಡುರಾತ್ರಿ ಎಚ್ಚರ. ಫೋನ್ ತೆಗೆದು ಟೈಮ್ ನೋಡುವುದು, ಆಮೇಲೆ ಲೆಕ್ಕ: ಈಗ ನಿದ್ದೆ ಹತ್ತಿದರೆ ಇನ್ನೂ ನಾಲ್ಕು ತಾಸು ಸಿಗುತ್ತೆ. ಈಗ ಹತ್ತಿದರೆ ಮೂರು. ನಾಳೆ ಬೆನ್ನು ಮುರಿದುಹೋಗುತ್ತೆ, ಆರ್ಡರ್ ಹೇಗೆ ಮುಗಿಸಲಿ? ಬೆಳಿಗ್ಗೆ ಐದೂವರೆಗೆ ಏಳುವಾಗ ಮೈಯೆಲ್ಲ ಬಿಗಿ. ಮಧ್ಯಾಹ್ನ ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ಮತ್ತೆ ಹಾಸಿಗೆ. ನಿದ್ದೆ ಮಾತ್ರೆಯೂ ಆಯಿತು. ಮೊದಲು ಚೆನ್ನಾಗಿತ್ತು. ಆಮೇಲೆ ಅದಿಲ್ಲದೆ ಕಣ್ಣೇ ಮುಚ್ಚದ ಹಾಗಾಯಿತು.

ನೋವಿನ ಚಿಕಿತ್ಸೆ ಮಾಡುವ ಡಾಕ್ಟರೊಬ್ಬರು ನನ್ನನ್ನು ಸೈಕಾಲಜಿಸ್ಟ್ ಹತ್ತಿರ ಕಳಿಸಿದರು. ನೋವು ಮೂರು ತಿಂಗಳು ದಾಟಿದೆ, ಅದು ದೀರ್ಘಕಾಲದ ನೋವು. ನಿದ್ದೆಯೂ ವಾರಕ್ಕೆ ಮೂರು ರಾತ್ರಿಗಿಂತ ಜಾಸ್ತಿ ಕೆಡುತ್ತಿದೆ, ಅದಕ್ಕೂ ಮೂರು ತಿಂಗಳು ಎಂದೋ ದಾಟಿದೆ. ಎರಡಕ್ಕೂ ಬೇರೆ ಬೇರೆ ಚಿಕಿತ್ಸೆ ಬೇಕು ಅಂದರು. ಅತ್ತೆಗೆ ಇದು ಸೇರಲಿಲ್ಲ. "ನಡಾ ನೋಯ್ತಿದ್ರ ತಲಿ ಡಾಕ್ಟರ್ ಕಡೆ ಯಾಕ ಹೋಗ್ತಿ ಯವ್ವಾ?" ಅಂದರು. ನನಗೂ ಒಳಗೊಳಗೆ ಸಿಟ್ಟೇ ಬಂದಿತ್ತು. ಹೋಗಿದ್ದು ಮಾತ್ರೆ ಬಿಡಬಹುದು ಅನ್ನೋ ಆಸೆಗೆ.

ಸೈಕಾಲಜಿಸ್ಟ್ ಮೇಡಂ ಧಾರವಾಡದ ಕಡೆಯವರು. ಮೊದಲು ಕೇಳಿದ್ದು ಬೇರೆಯೇ ವಿಷಯಗಳು. ಗೊರಕೆ ಹೊಡೀತೀರಾ, ನಿದ್ದೆಯಲ್ಲಿ ಉಸಿರು ಕಟ್ಟಿದ ಹಾಗೆ ಆಗುತ್ತಾ, ಸಂಜೆ ಆದ ಮೇಲೆ ಕಾಲು ಆಡಿಸಬೇಕು ಅನಿಸುತ್ತಾ, ಥೈರಾಯ್ಡ್ ನೋಡಿಸಿದ್ದೀರಾ, ರಕ್ತ ಕಡಿಮೆ ಇದೆಯಾ, ದಿನಕ್ಕೆ ಎಷ್ಟು ಚಹಾ. ಅವುಗಳಲ್ಲಿ ಯಾವುದಾದರೂ ಇದ್ದರೆ ದಾರಿಯೇ ಬೇರೆ. ನನಗೆ ಚಹಾ ಒಂದು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಏಳು ಪ್ರಶ್ನೆಗಳ ಒಂದು ಪಟ್ಟಿ ಕೊಟ್ಟರು, 28ಕ್ಕೆ 20 ಬಂತು. 15ರಿಂದ 21ರವರೆಗೆ ಮಧ್ಯಮ ನಿದ್ರಾಹೀನತೆ ಅಂತೆ. ಇಷ್ಟೆಲ್ಲ ಒದ್ದಾಡಿದವಳಿಗೆ ಬರೀ ಮಧ್ಯಮಾನಾ ಅಂತ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಬಂತು ನಿದ್ದೆಯ ಬಗ್ಗೆ ನಮಗಿರುವ ನಂಬಿಕೆಗಳ ಫಾರ್ಮ್. ಕೆನಡಾದ ಸೈಕಾಲಜಿಸ್ಟ್ ಚಾರ್ಲ್ಸ್ ಮೊರಿನ್ 1993ರಲ್ಲಿ ಮಾಡಿದ್ದು. ಈಗ ಬಳಸುವ ಚಿಕ್ಕ ಪಟ್ಟಿಯಲ್ಲಿ ಹದಿನಾರು ವಾಕ್ಯಗಳಿವೆ. ಪ್ರತಿ ವಾಕ್ಯಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಬೇಕು. ಪೂರ್ತಿ ಒಪ್ಪಿದರೆ ಹತ್ತು. ಇಷ್ಟು ತಾಸು ನಿದ್ದೆ ಆಗಲೇಬೇಕು, ಒಂದು ರಾತ್ರಿ ಕೆಟ್ಟರೆ ವಾರವೆಲ್ಲ ಕೆಡುತ್ತೆ, ಹೀಗೆ. ನೋವಿದ್ದವರಿಗೆ ಅಂತಲೇ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ನಿಕೋಲ್ ಟ್ಯಾಂಗ್ ಮತ್ತು ಜೊತೆಯವರು 2016ರಲ್ಲಿ ಇನ್ನೊಂದು ಪಟ್ಟಿ ಪ್ರಕಟಿಸಿದರು, ಹತ್ತು ವಾಕ್ಯಗಳದ್ದು. ಮೇಡಂ ಒಂದೊಂದನ್ನೇ ನಮ್ಮ ಮಾತಿನಲ್ಲಿ ಹೇಳುತ್ತಾ ಹೋದರು. ನೋವು ಇರೋ ತನಕ ನಿದ್ದೆ ಸರಿಹೋಗಲ್ಲ ಅನ್ನೋ ಅರ್ಥದ ಮಾತು ಬಂದಾಗ ನಾನು ಯೋಚನೆಯನ್ನೇ ಮಾಡಲಿಲ್ಲ. ಹತ್ತು ಅಂದೆ.

ಮೇಡಂ ಪೆನ್ನು ಕೆಳಗಿಟ್ಟರು. "ಹತ್ತು ಅಂದ್ರ ಪೂರ್ತಿ ಖರೆ ಅಂದಂಗ ಆತ್ರಿ. ಹಂಗಾದ್ರ ನೋವು ಇದ್ದಾಗ ಒಮ್ಮಿನೂ ಚಲೋ ನಿದ್ದಿ ಮಾಡಿಲ್ಲೇನು?"

ಇಲ್ಲ ಅಂತ ಹೇಳಲು ಬಾಯಿ ತೆರೆದೆ. ಆಗಲೇ ನೆನಪಾಯಿತು. ಸಿಂದಗಿಯಲ್ಲಿ ಸಂಬಂಧಿಕರ ಮದುವೆ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದೆ. ಹಿಂದಿನ ಸೀಟು. ರಸ್ತೆಯ ಪ್ರತಿ ಗುಂಡಿಯೂ ಸೊಂಟಕ್ಕೇ ತಾಗುತ್ತಿತ್ತು. ಆದರೂ ವಿಜಯಪುರ ಬಂದಿದ್ದು ಗೊತ್ತಾಗಿರಲಿಲ್ಲ, ಕಂಡಕ್ಟರ್ ಎಬ್ಬಿಸಬೇಕಾಯಿತು. ಇನ್ನೊಮ್ಮೆ ಜಾತ್ರೆಯ ಆರ್ಡರ್ ಮುಗಿಸಿ ಹಿಟ್ಟಿನ ಚೀಲಗಳಿಗೆ ಒರಗಿದವಳು ಹಾಗೇ ಮಲಗಿಬಿಟ್ಟಿದ್ದೆ. ಬೆನ್ನು ಆಗ ಕೆಟ್ಟದಾಗಿ ನೋಯುತ್ತಿತ್ತು.

"ಅಲ್ಲೂ ನೋವು ಇತ್ತು. ಇಲ್ಲದ್ದು ಯಾವುದು?" ಅಂದರು. ಗೊತ್ತಾಗಲಿಲ್ಲ. ಅವರೇ ಹೇಳಿದರು: ಬಸ್ಸಿನಲ್ಲಿ ನಾನು ನಿದ್ದೆ ಮಾಡಲು ಹೊರಟಿರಲಿಲ್ಲ. ಟೈಮ್ ನೋಡಿರಲಿಲ್ಲ. ನಾಳೆಯ ಲೆಕ್ಕ ಹಾಕಿರಲಿಲ್ಲ. ಮುಖ್ಯವಾಗಿ, ಬಹಳ ಹೊತ್ತಿನಿಂದ ಎಚ್ಚರ ಇದ್ದೆ. ಎಚ್ಚರ ಇದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಅನ್ನೋ ರಾಸಾಯನಿಕ ಸೇರುತ್ತಾ ಹೋಗುತ್ತದೆ, ನಿದ್ದೆಯ ಒತ್ತಡ ಏರುತ್ತದೆ. ಚಹಾ, ಕಾಫಿಯಲ್ಲಿರುವ ಕೆಫೀನ್ ಮಾಡುವುದು ಆ ಅಡೆನೊಸಿನ್‌ನ ಕೆಲಸಕ್ಕೆ ಅಡ್ಡ ಬರುವುದನ್ನೇ. ಊಟದ ಮುಂಚೆ ಚುರುಮುರಿ ತಿಂದು ಹೊಟ್ಟೆ ತುಂಬಿಸಿಕೊಂಡರೆ ಊಟ ಸೇರುತ್ತಾ? ಮಧ್ಯಾಹ್ನದ ಜೊಂಪು, ಎಂಟೂವರೆಯ ಹಾಸಿಗೆ ಎರಡೂ ನನಗೆ ಅದನ್ನೇ ಮಾಡುತ್ತಿದ್ದವು.

ನಿದ್ದೆ ಕೆಡುವುದಕ್ಕೆ ಶುರುಮಾಡಿದ ಕಾರಣ ಒಂದಿರುತ್ತದೆ, ಅದನ್ನು ಉಳಿಸಿಕೊಂಡು ಬರುವ ಕಾರಣ ಇನ್ನೊಂದಿರುತ್ತದೆ ಅಂತ ಆರ್ಥರ್ ಸ್ಪೀಲ್‌ಮನ್ ಅನ್ನುವ ಅಮೆರಿಕದ ಸಂಶೋಧಕರು 1980ರ ದಶಕದಲ್ಲೇ ಹೇಳಿದ್ದರು. ನನ್ನ ನಿದ್ದೆ ಕೆಡಿಸಿದ್ದು ನೋವೇ, ಅನುಮಾನವಿಲ್ಲ. ಆದರೆ ಮಧ್ಯರಾತ್ರಿ ನನ್ನನ್ನು ಎಚ್ಚರ ಇಡುತ್ತಿದ್ದದ್ದು ಜಾಸ್ತಿ ಪಾಲು ನೋವಿದ್ದರೆ ನಿದ್ದೆ ಬರಲ್ಲ ಅನ್ನೋ ಖಾತರಿ, ಮತ್ತು ಆ ಖಾತರಿಯಿಂದ ನಾನು ಮಾಡಿಕೊಂಡಿದ್ದ ಏರ್ಪಾಟುಗಳು.

ಇಷ್ಟು ಒಪ್ಪಿದೆ. ಇನ್ನೊಂದು ವಾಕ್ಯದ ಮೇಲೆ ಜಗಳವೇ ಆಯಿತು. ರಾತ್ರಿ ನಿದ್ದೆ ಕೆಟ್ಟರೆ ಮರುದಿನ ನೋವು ಜಾಸ್ತಿ ಅನ್ನೋದಕ್ಕೆ ನಾನು ಒಂಬತ್ತು ಕೊಟ್ಟಿದ್ದೆ. "ಇದು ಸುಳ್ಳು ಅಂತೀರೇನ್ರಿ ಮೇಡಂ?" ಅಂತ ಕೇಳಿದೆ. ಸುಳ್ಳಲ್ಲ ಅಂದರು. ಆರೋಗ್ಯವಾಗಿರುವವರನ್ನೂ ನಿದ್ದೆಗೆಡಿಸಿ ನೋಡಿದ್ದಾರೆ, ನೋವು ತಾಳಿಕೊಳ್ಳುವ ಶಕ್ತಿ ಕುಗ್ಗುತ್ತದೆ. 2013ರಲ್ಲಿ ಪ್ಯಾಟ್ರಿಕ್ ಫಿನಾನ್ ಅನ್ನುವ ಅಮೆರಿಕದ ಸಂಶೋಧಕರು ಮತ್ತು ಜೊತೆಗಾರರು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ನೋವಿನಿಂದ ನಿದ್ದೆ ಕೆಡುವುದಕ್ಕಿಂತ ನಿದ್ದೆ ಕೆಟ್ಟು ನೋವು ಹೆಚ್ಚುವ ದಾರಿಯೇ ಹೆಚ್ಚು ಸ್ಪಷ್ಟವಾಗಿ ಕಂಡಿತಂತೆ. ಇದನ್ನು ಕೇಳಿ ನನಗೆ ಹೆದರಿಕೆ ಕಡಿಮೆಯಾಗುವ ಬದಲು ಜಾಸ್ತಿ ಆಯಿತು. ಅಂದ್ರೆ ನಾನು ಹೆದರಿದ್ದೇ ಸರಿ, ಅಲ್ವಾ?

ಅದಕ್ಕೆ ಅವರು ವಾದ ಮಾಡಲಿಲ್ಲ. "ಎಷ್ಟು ಜಾಸ್ತಿ ಆಗ್ತೈತಿ ಅಂತ ನೀವ ಅಳದು ನೋಡ್ರಿ" ಅಂದರು, ಅಷ್ಟೆ.

ಉದ್ರಿ ಬರೆಯುವ ವಹಿಯ ಹಿಂದಿನ ಹಾಳೆಗಳಲ್ಲಿ ಗೆರೆ ಎಳೆದೆ. ಬೆಳಿಗ್ಗೆ ಎದ್ದ ತಕ್ಷಣ ರಾತ್ರಿ ಸುಮಾರು ಎಷ್ಟು ತಾಸು ನಿದ್ದೆ ಅಂತ ಬರೆಯುವುದು. ಪಕ್ಕದಲ್ಲಿ, ಇವತ್ತು ಸಂಜೆ ನೋವು ಹತ್ತಕ್ಕೆ ಎಷ್ಟು ಇರಬಹುದು ಅನ್ನೋ ಅಂದಾಜು. ಅದರ ಮೇಲೆ ರಟ್ಟು ಮುಚ್ಚಿಬಿಡುವುದು. ಸಂಜೆ ಒಲೆ ಆರಿಸಿದ ಮೇಲೆ ನಿಜವಾದ ನೋವು ಎಷ್ಟು, ಎಷ್ಟು ರೊಟ್ಟಿ ಆಯಿತು, ನಡುನಡುವೆ ಎದ್ದಿದ್ದೆನೋ ಇಲ್ಲವೋ ಅಂತ ಬರೆಯುವುದು. ಲೆಕ್ಕದಲ್ಲಿ ನಾನು ಸುಳ್ಳು ಬರೆಯುವವಳಲ್ಲ, ಹಾಗಾಗಿ ಇದು ಬೇಗ ರೂಢಿಯಾಯಿತು.

ಕೆಟ್ಟ ರಾತ್ರಿಯ ಮರುದಿನ ನಾನು ಬರೆದ ಅಂದಾಜು ಎಂಟು, ಒಂಬತ್ತು. ಸಂಜೆ ಬಂದಿದ್ದು ಹೆಚ್ಚಿನ ಸಲ ಆರು. ಒಳ್ಳೆ ನಿದ್ದೆಯಾದ ದಿನವೂ ಐದು ಇದ್ದೇ ಇರುತ್ತಿತ್ತು. ಅಂದರೆ ವ್ಯತ್ಯಾಸ ಒಂದು ಅಂಕದ ಸುತ್ತಮುತ್ತ. ನಿಜವಾಗಿ ಎಂಟು ಮುಟ್ಟಿದ ದಿನಗಳನ್ನು ಹುಡುಕಿದೆ. ಅವು ದೊಡ್ಡ ಆರ್ಡರ್ ಇದ್ದ ದಿನಗಳು. ಮಧ್ಯೆ ಎದ್ದಿರಲಿಲ್ಲ, ಊಟವೂ ಕೂತಲ್ಲೇ. ಹಿಂದಿನ ರಾತ್ರಿ ನಿದ್ದೆ ಚೆನ್ನಾಗಿ ಆಗಿದ್ದರೂ ಅವತ್ತು ಎಂಟೇ. ಇಷ್ಟು ದಿನ ನಾನು ಈ ನೋವನ್ನೂ ನಿದ್ದೆಯ ಖಾತೆಗೇ ಬರೆಯುತ್ತಿದ್ದೆ. ಸಂಶೋಧನೆ ಹೇಳುವುದು ನೂರಾರು ಜನರ ಸರಾಸರಿ. ಮಧ್ಯರಾತ್ರಿ ಎರಡಕ್ಕೆ ನನ್ನ ತಲೆ ಹೇಳುತ್ತಿದ್ದದ್ದು ನಾಳೆ ಸರ್ವನಾಶ ಅಂತ. ಎರಡೂ ಒಂದೇ ಅಲ್ಲ ಅನ್ನೋದು ಮೇಡಂ ಬಾಯಿಂದ ಬಂದಿದ್ದರೆ ನಾನು ನಂಬುತ್ತಿರಲಿಲ್ಲವೇನೋ. ವಹಿ ಹೇಳಿತು.

ಈಗ ಕಷ್ಟದ ಭಾಗ. ವಹಿ ಪ್ರಕಾರ ನಾನು ಹಾಸಿಗೆಯಲ್ಲಿ ಇರುತ್ತಿದ್ದದ್ದು ಒಂಬತ್ತು ತಾಸು, ನಿದ್ದೆ ಐದೂವರೆ. ಭಾಗಿಸಿದರೆ ಶೇ. 61. ಇದು ಶೇ. 85ರ ಹತ್ತಿರ ಬರಬೇಕು. ನಿದ್ದೆಯನ್ನು ಎಳೆದು ಉದ್ದ ಮಾಡೋಕೆ ಆಗಲ್ಲ, ಹಾಸಿಗೆಯ ಹೊತ್ತನ್ನು ಕತ್ತರಿಸಬಹುದು. ಹಾಗಾಗಿ ರಾತ್ರಿ ಹನ್ನೊಂದರಿಂದ ನಾಲ್ಕೂವರೆ, ಅಷ್ಟೇ ನನ್ನ ಹಾಸಿಗೆ. ಮಧ್ಯಾಹ್ನ ಬೆನ್ನಿಗೆ ಬೇಕೇಬೇಕು ಅಂದರೆ ಪಡಸಾಲೆಯಲ್ಲಿ ಚಾಪೆ ಮೇಲೆ ಸ್ವಲ್ಪ ಹೊತ್ತು, ಕಣ್ಣು ಮುಚ್ಚದೆ. ನಿದ್ದೆ ಕಡಿಮೆ ಅಂತ ಬಂದವಳಿಗೆ ಇನ್ನೂ ಕಡಿಮೆ ಮಲಗು ಅನ್ನೋ ಚಿಕಿತ್ಸೆ! ಇದು ಸಿಬಿಟಿ-ಐ ಅನ್ನೋ ಚಿಕಿತ್ಸೆಯ ಒಂದು ಭಾಗ, ಅಂದರೆ ನಿದ್ದೆಯ ಬಗೆಗಿನ ಯೋಚನೆ, ರೂಢಿಗಳನ್ನು ಬದಲಿಸುವ ಚಿಕಿತ್ಸೆ. ಹಳೆಯ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಅಂತ ಅಮೆರಿಕದ ವೈದ್ಯರ ಸಂಘವೊಂದು, ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್, 2016ರಲ್ಲೇ ಹೇಳಿದೆ.

ಓದಿದವರು ತಾವೇ ಶುರುಮಾಡಬೇಡಿ, ದಯವಿಟ್ಟು. ಮೂರ್ಛೆರೋಗ ಇದ್ದವರಿಗೆ, ಬೈಪೋಲಾರ್ ಕಾಯಿಲೆ ಇದ್ದವರಿಗೆ, ಲಾರಿ, ಬಸ್ ಓಡಿಸುವವರಿಗೆ ಇದು ಅಪಾಯ. ಸಾಮಾನ್ಯವಾಗಿ ಐದು ತಾಸಿಗಿಂತ ಕೆಳಗೆ ಇಳಿಸುವುದೂ ಇಲ್ಲ. ನನಗೆ ಮೊದಲ ವಾರಗಳಲ್ಲಿ ಸ್ಕೂಟಿ ಮುಟ್ಟಬೇಡಿ ಅಂದಿದ್ದರು. ಹಂಚಿನ ಮುಂದೆ ಒಬ್ಬಳೇ ಕೂರಬೇಡಿ ಅಂತಲೂ. ಮಾತ್ರೆಯನ್ನೂ ಏಕಾಏಕಿ ಬಿಡಲಿಲ್ಲ. ಕೊಟ್ಟ ಡಾಕ್ಟರನ್ನೇ ಕೇಳಿಕೊಂಡು ನಿಧಾನಕ್ಕೆ ಇಳಿಸಿದ್ದು.

ಮಲಗುವುದಕ್ಕಿಂತ ಹನ್ನೊಂದರವರೆಗೆ ಎದ್ದಿರುವುದೇ ದೊಡ್ಡ ಕೆಲಸವಾಗಿತ್ತು. ಧಾರಾವಾಹಿ ಮುಗಿಯುತ್ತಿತ್ತು, ಓಣಿಯ ದೀಪ ಆರುತ್ತಿತ್ತು. ಬೇಳೆ ಹಸನು ಮಾಡಿದೆ, ಶೇಂಗಾ ಸುಲಿದೆ, ಮುಂದಿನ ವಾರದ ಬಾಕಿ ಪಟ್ಟಿ ಬರೆದೆ. ಕೂತರೆ ತೂಕಡಿಕೆ ಅಂತ ನಿಂತೇ ಮಾಡಿದೆ. ಮಲಗಿದ ಮೇಲೆ ಸುಮಾರು ಇಪ್ಪತ್ತು ನಿಮಿಷ ನಿದ್ದೆ ಹತ್ತದಿದ್ದರೆ ಕೋಣೆ ಬಿಟ್ಟು ಹೊರಗೆ ಬರಬೇಕು. ಅದೂ ಗಡಿಯಾರ ನೋಡದೆ, ಅಂದಾಜಿನ ಮೇಲೆ. ಫೋನು ಅಡುಗೆಮನೆಯಲ್ಲಿ. ಹಾಸಿಗೆ ಅಂದರೆ ಒದ್ದಾಟ ಅಂತ ಮೈ ಕಲಿತುಬಿಟ್ಟಿರುತ್ತದೆ, ಅದನ್ನು ಬಿಡಿಸುವ ಉಪಾಯ ಇದು. ರಿಚರ್ಡ್ ಬೂಟ್ಜಿನ್ ಅನ್ನುವ ಅಮೆರಿಕದ ಸೈಕಾಲಜಿಸ್ಟ್ 1972ರಲ್ಲೇ ಹೇಳಿದ್ದು.

ಬೆನ್ನು ನೋಯುವವರಿಗೆ ನಡುರಾತ್ರಿ ಏಳುವುದು ಸುಮ್ನೆ ಮಾತಲ್ಲ. ನೆಟ್ಟಗೆ ಏಳಲು ಹೋದರೆ ಸೊಂಟದಲ್ಲಿ ಕರೆಂಟ್ ಹೊಡೆದ ಹಾಗೆ. ಒಂದು ಮಗ್ಗಲಿಗೆ ಪೂರ್ತಿ ಹೊರಳಿ, ಮೊಣಕಾಲು ಮಡಚಿ, ಕಾಲು ಕೆಳಗೆ ಇಳಿಬಿಟ್ಟು, ಕೈ ಊರಿ ಮೇಲೇಳಬೇಕು. ಪಡಸಾಲೆಯಲ್ಲಿ ಕುರ್ಚಿ, ಅದಕ್ಕೊಂದು ದಿಂಬು, ಶಾಲು ಮೊದಲೇ ಇಟ್ಟಿರುತ್ತಿದ್ದೆ. ಇದಿಷ್ಟು ತಯಾರಿ ಇಲ್ಲದೆ ಹೋಗಿದ್ದರೆ ಏಳಲು ಬೇಸರಪಟ್ಟು ಹಾಸಿಗೆಯಲ್ಲೇ ಬಿದ್ದಿರುತ್ತಿದ್ದೆ.

ಅತ್ತೆ ಎಚ್ಚರವಾಗಿ ಬಂದು ನೋಡುತ್ತಿದ್ದರು. "ನಿದ್ದಿ ಬರದಿದ್ರೂ ಅಡ್ಡಾಗಿದ್ರ ಮೈಗಿ ಆರಾಮ ಸಿಗತೈತಿ. ಹಿಂಗ ದೆವ್ವ ಕುಂತಂಗ ಯಾಕ ಕುಂತಿ?" ಈ ಅಡ್ಡಾಗಿರುವ ಆರಾಮದ ನಂಬಿಕೆ ನಮ್ಮ ಕಡೆ ಬಹಳ ಗಟ್ಟಿ, ಪ್ರೀತಿಯಿಂದಲೇ ಹೇಳುವುದು ಬೇರೆ. ಹೊಸದಾಗಿ ಜಾರಿ ಬಿದ್ದು ಪೆಟ್ಟಾದವರಿಗೆ ಒಂದೆರಡು ದಿನ ಸರಿ ಇರಬಹುದು. ನನ್ನಂಥವರಿಗೆ ಅಡ್ಡಾಗಿರುವ ತಾಸುಗಳು ಅಂದರೆ ನೋವನ್ನೇ ಕಾಯುತ್ತಾ ಇರುವ ತಾಸುಗಳು. ಕತ್ತಲು, ಮಾತಿಲ್ಲ, ಕೈಗೆ ಕೆಲಸವಿಲ್ಲ. ಆಗ ಐದರ ನೋವೂ ಏಳರ ಹಾಗೆ ಕಾಣುತ್ತದೆ. ಅತ್ತೆಗೆ ಇದನ್ನು ವಿವರಿಸಲು ಹೋಗಲಿಲ್ಲ. "ಡಾಕ್ಟರ್ ಹೇಳ್ಯಾರ, ಅತ್ತಿ" ಅಂದೆ. ಅದು ಸಾಕಾಯಿತು.

ಶುರುವಿನಲ್ಲಿ ಎಲ್ಲ ಕೆಟ್ಟದಾಯಿತು. ಕಣ್ಣು ಉರಿ, ಸಿಡುಕು, ಒಂದು ಬುಟ್ಟಿ ಹಿಟ್ಟಿಗೆ ಉಪ್ಪೇ ಹಾಕದೆ ಬಡಿದೆ. ಗಂಡನ ಜೊತೆ ಕಾರಣವಿಲ್ಲದೆ ಜಗಳ. ಬಿಟ್ಟುಬಿಡೋಣ ಅಂತ ಮೇಡಂಗೆ ಫೋನ್ ಕೂಡ ಮಾಡಿದೆ. ಇದು ಹೀಗೇ ಇರುತ್ತೆ, ಇನ್ನೊಂದಿಷ್ಟು ದಿನ ನೋಡ್ರಿ ಅಂದರು. ಆಮೇಲೆ ಒಂದು ರಾತ್ರಿ ಹನ್ನೊಂದಕ್ಕೆ ಮಲಗಿದವಳಿಗೆ ಅಲಾರಾಂ ಕೇಳಿದ್ದೇ ಗೊತ್ತು. ಹಿಂದಿನ ಸಂಜೆಯ ವಹಿ ನೋಡಿದೆ. ನೋವಿನ ಅಂಕ ಏಳು. ಏಳರ ನೋವು ಮೈಯಲ್ಲಿ ಇಟ್ಟುಕೊಂಡೇ ನಾನು ಮನೆಯ ಹಾಸಿಗೆಯಲ್ಲಿ ಮಲಗಿದ್ದೆ, ಮಾತ್ರೆ ಇಲ್ಲದೆ.

ಅಲ್ಲಿಂದ ವಾರದ ಸರಾಸರಿ ಶೇ. 85 ದಾಟಿದಾಗೆಲ್ಲ ಹದಿನೈದು ನಿಮಿಷ ಸೇರಿಸುತ್ತಾ ಬಂದೆವು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಮನೆಯೊಳಗೆ ಮಲಗುವುದು ಸಾಧ್ಯವೇ ಇಲ್ಲ, ಕರೆಂಟ್ ಹೋದರೆ ಮುಗಿಯಿತು. ಮಾಳಿಗೆಗೆ ಹಾಸಿಗೆ ಹೋಯಿತು, ಕುರ್ಚಿಯೂ ಜೊತೆಗೆ. ಬೆಳಗಿನ ಬೆಳಕು, ಅಕ್ಕಪಕ್ಕದ ಮಾಳಿಗೆಗಳ ಮಾತು ಬೇಗ ಎಬ್ಬಿಸುತ್ತಿದ್ದವು. ನಾನು ಹೇಗೂ ಬೇಗ ಏಳುವವಳು, ಅನುಕೂಲವೇ ಆಯಿತು. ಈಗ ಆರು, ಆರೂವರೆ ತಾಸು ನಿದ್ದೆ ಬರುತ್ತದೆ. ರಾತ್ರಿ ಎಚ್ಚರ ಆಗುವುದು ನಿಂತಿಲ್ಲ. ಎಲ್ಲರಿಗೂ ಆಗುತ್ತದೆ, ನಿದ್ದೆಯ ಒಂದೊಂದು ಸುತ್ತು ಸುಮಾರು ತೊಂಬತ್ತು ನಿಮಿಷದ್ದು, ನಡುವೆ ಮೇಲ್ಮೈಗೆ ಬಂದು ಹೋಗುತ್ತೇವೆ.

ನೋವು? ಹೋಗಿಲ್ಲ. ಸಂಜೆಯ ಅಂಕ ಈಗ ನಾಲ್ಕು, ಐದು. ಅದರಲ್ಲಿ ನಿದ್ದೆಯ ಪಾಲೆಷ್ಟು ಅಂತ ನಾನು ಹೇಳಲಾರೆ. ಯಾಕೆಂದರೆ ಅದೇ ಹೊತ್ತಿಗೆ ಸೊಂಟದ ಎತ್ತರಕ್ಕೆ ಕಡಪಾ ಕಲ್ಲಿನ ಕಟ್ಟೆ ಹಾಕಿಸಿ ನಿಂತು ಬಡಿಯಲು ಶುರುಮಾಡಿದೆವು, ಅರ್ಧ ತಾಸಿಗೊಮ್ಮೆ ಕೆಲಸ ಅದಲುಬದಲು ಮಾಡಿಕೊಳ್ಳುತ್ತೇವೆ, ವ್ಯಾಯಾಮವೂ ಇದೆ. ಅಧ್ಯಯನಗಳಲ್ಲೂ ಹಾಗೇ ಇದೆ: ಈ ಚಿಕಿತ್ಸೆಯಿಂದ ನಿದ್ದೆ ಚೆನ್ನಾಗಿ ಸುಧಾರಿಸುತ್ತದೆ, ನೋವಿನ ಮೇಲಿನ ಪರಿಣಾಮ ಅದಕ್ಕಿಂತ ಚಿಕ್ಕದು. ನೋವು ಮಾಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇಂಥ ಚಿಕಿತ್ಸೆ ಗೊತ್ತಿರುವವರು ನಮ್ಮ ಕಡೆ ಕಡಿಮೆ, ಅದು ನಿಜ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೇಳಬಹುದು, ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೊನೆಯ ಭೇಟಿಯಲ್ಲಿ ಫಾರ್ಮ್‌ಗಳನ್ನು ಮತ್ತೆ ತುಂಬಿಸಿದರು. ನೋವಿದ್ದರೆ ನಿದ್ದೆ ಇಲ್ಲ ಅನ್ನೋದು ಹತ್ತರಿಂದ ಮೂರಕ್ಕೆ ಬಂದಿತ್ತು. ಎಂಟು ತಾಸು ಬೇಕೇಬೇಕು ಅನ್ನೋದೂ ಇಳಿದಿತ್ತು. ನಿದ್ದೆ ಕೆಟ್ಟರೆ ಮರುದಿನ ನೋವು ಜಾಸ್ತಿ ಅನ್ನೋದಕ್ಕೆ ಮಾತ್ರ ಆರು ಹಾಕಿದೆ. ಇನ್ನೂ ಇಳಿಸಿ ಅಂತಾರೇನೋ ಅಂದುಕೊಂಡು, "ನನ್ನ ವಹಿಯೊಳಗ ಒಂದು ಅಂಕ ಏರಿದ್ದು ಕಾಣತೈತ್ರಿ, ನಾ ಇಳಸಂಗಿಲ್ಲ" ಅಂದೆ.

"ಆರ ಇರ್ಲಿ ಬಿಡ್ರಿ" ಅಂದರು ಮೇಡಂ. "ರಾತ್ರಿ ನಿದ್ದಿ ಕೆಟ್ರ ಮರುದಿನ ಏನ ಮಾಡತೀರಿ?"

"ಮಧ್ಯಾಹ್ನ ಮಲಗಂಗಿಲ್ರಿ. ದೊಡ್ಡ ಆರ್ಡರ್ ಇದ್ರ ನಡುವ ಜಾಸ್ತಿ ಸಲ ಏಳತೀನಿ. ರಾತ್ರಿ ಹತ್ತೂವರಿಗೇ ಹಾಸಿಗಿ, ಅದಕ್ಕಿಂತ ಮೊದಲಿಲ್ಲ."

ಫೈಲಿನಲ್ಲಿ ಅದನ್ನೇ ಬರೆದುಕೊಂಡು, ಮುಂದಿನ ತಾರೀಕು ಕೊಡದೆ ಕಳಿಸಿದರು.